ಹನಕೆರೆಯ ಹಲ್ಲು

ಬೆಳಿಗ್ಗೆ ಫೋನು ಮಾಡಿದ ನನ್ನ ಗೈಡ್ ರಘುನಂದನ್ ಸರ್ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ವಾಸಿ ಇತ್ತು.

"ಗಗನ, ಆ ಹಲ್ಲಿನಲ್ಲಿ ಸಿಕ್ಕ ಡಿಎನ್‌ಎ ಹಳೆಯದಲ್ಲ, ಈಗಿನದು. ತಾಯಿ ಕಡೆಯ ಗುರುತು ನಿಮ್ಮದಕ್ಕೇ ಹೊಂದುತ್ತಿದೆ. ಬರಿಗೈಲಿ ಮುಟ್ಟಿದ್ದೀರಿ. ಸಂಜೆಯೊಳಗೆ ಸರಿಯಾದ ಕಾರಣ ಬರೆದು ಕಳಿಸಿ. ಇಲ್ಲದಿದ್ದರೆ ನಿಮ್ಮನ್ನು ಈ ಕೆಲಸದಿಂದ ಬಿಡಿಸಬೇಕಾಗುತ್ತದೆ."

ನಾನು ಮುಟ್ಟಿರಲಿಲ್ಲ. ಹನಕೆರೆಯ ನಮ್ಮ ಹೊಲದಲ್ಲಿ ಪೈಪಿಗೆಂದು ಅಗೆದಾಗ ಸಿಕ್ಕ ಮೂರು ಸಾವಿರ ವರ್ಷದ ಸಮಾಧಿಯ ಹಲ್ಲು ಅದು. ಉಳಿದಿದ್ದದ್ದು ನಾಲ್ಕು ಮಣಿ, ಒಂದು ದವಡೆ, ಅದರಲ್ಲಿ ಒಂದೇ ಹಲ್ಲು. ನಮ್ಮ ಬಿಸಿಲಿಗೆ ಮಣ್ಣಿನೊಳಗೆ ಡಿಎನ್‌ಎ ಉಳಿಯುವುದೇ ಅಪರೂಪ, ಉಳಿದಿದ್ದರೆ ಆ ಹಲ್ಲಿನಲ್ಲೇ. ಎರಡೆರಡು ಕೈಗವಸು ಹಾಕಿ, ಮಾಸ್ಕಿನೊಳಗೆ ಬೆವತು ತೆಗೆದಿದ್ದೆ. ಬೆರಕೆಯಾದರೆ ಗೊತ್ತಾಗಲೆಂದು ಲ್ಯಾಬಿನವರು ನಮ್ಮೆಲ್ಲರ ಎಂಜಲನ್ನೂ ಮೊದಲೇ ಪರೀಕ್ಷೆ ಮಾಡಿಟ್ಟಿರುತ್ತಾರೆ. ಅದರಲ್ಲಿ ನಾನೇ ಸಿಕ್ಕಿಬಿದ್ದಿದ್ದೆ.

ಮಂಡ್ಯದ ರೂಮಿನಲ್ಲಿ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ತಾಯಿ ಕಡೆಯ ಗುರುತು ಅವ್ವನಿಂದ ಮಗಳಿಗೆ ಬರುವಂಥದ್ದು. ನನಗೆ ಕೊಟ್ಟ ಅವ್ವ ಈಗಿಲ್ಲ. ಅವ್ವನಿಗೆ ಕೊಟ್ಟವಳು ಇದ್ದಾಳೆ.

ಥಟ್ಟನೆ ಹಲ್ಲು ತೆಗೆದ ದಿನದ ಮಧ್ಯಾಹ್ನ ನೆನಪಾಯಿತು. ಸರ್ ಅವರನ್ನು ಕರೆತರಲು ನಾನು ಮದ್ದೂರಿಗೆ ಹೋದಾಗ ದವಡೆ ಇಟ್ಟಿದ್ದ ಪೆಟ್ಟಿಗೆ ಮೂರು ಗಂಟೆ ಊರಿನ ನಮ್ಮ ಮನೆಯಲ್ಲೇ ಇತ್ತು. ಬಂದು ನೋಡಿದಾಗ ದವಡೆ ತುಸು ಒದ್ದೆಯಿತ್ತು. ಮಣ್ಣಿನ ತೇವ ಅಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು! ಚೀಲಕ್ಕೆ ಪರೀಕ್ಷೆಯ ಹತ್ತಿಕಡ್ಡಿ ಹಾಕಿಕೊಂಡು ಹನಕೆರೆಯ ಬಸ್ಸು ಹತ್ತಿದೆ. ಬಸ್ಸು ಕಂಡಕಂಡಲ್ಲಿ ನಿಂತಿತು.

ಅಜ್ಜಿ ಚಿಕ್ಕಬೋರಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ಪೆಟ್ಟಿಗೇಲಿದ್ದ ದವಡೆ ಮುಟ್ಟಿದ್ಯಾ ಅಜ್ಜಿ?"

"ತೊಳ್ದೆ ಕಣವ್ವ. ಅದ್ಕೇನೀಗ? ಬಿಸ್ನೀರಲ್ಲಿ ನೆನ್ಸಿ, ಬೆಳ್ಳಲ್ಲಿ ಹಲ್ಲು ಉಜ್ದೆ. ಮಣಿ ಇದ್ವಲ್ಲ, ಎಂಗ್ಸೇ ಇರ್ಬೇಕು ಅಂತ. ಊರಲ್ಲಿ ಎಂಗಸ್ರು ಸತ್ರೆ ಮೈ ತೊಳ್ಯೋಳು ನಾನೇ. ನಮ್ಮೊಲದಲ್ಲಿ ಸಿಕ್ಕೋಳ್ನ ಮಣ್ ಬಾಯಲ್ಲೇ ಕಳಿಸ್ಲಾ?"

ಕೋಪ ನೆತ್ತಿಗೇರಿತು, ಆದರೆ ಅದನ್ನು ಯಾರ ಮೇಲೆ ತೀರಿಸಿಕೊಳ್ಳಲಿ? ನಮ್ಮವ್ವನ ಮೈ ತೊಳೆದದ್ದೂ ಇದೇ ಕೈ. ನಡೆದದ್ದನ್ನೆಲ್ಲ, ತಾಯಿ ಕಡೆಯದು ಬಿಟ್ಟರೆ ಉಳಿದ ಗುರುತು ನಮ್ಮಿಬ್ಬರದೂ ಬೇರೆ ಎಂಬುದನ್ನೂ ಹೇಳಿ ಹತ್ತಿಕಡ್ಡಿ ತೋರಿಸಿದೆ.

"ಇದ್ನ ಬಾಯಲ್ಲಿ ಆಡಿಸ್ಕೊಟ್ರೆ ನಿನ್ ಮೇಲಿನ ತಪ್ಪು ಓಯ್ತದಾ?" ಎಂದಳು.

"ಓಯ್ತದೆ. ನಿನ್ ಮೇಲೆ ಬತ್ತದೆ."

"ಬರ್ಲಿ ಬುಡು." ಬಾಯಿ ತೆರೆಯಹೊರಟವಳು ತಡೆದಳು. "ಅಲ್ಲ, ಆವಮ್ಮ ಯಾರು ಅಂತ ಇನ್ ಗೊತ್ತಾಗಲ್ವಾ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ.

"ಇಲ್ಲ ಅಜ್ಜಿ. ಇದ್ದಿದ್ದೇ ಒಂದ್ ಹಲ್ಲು. ಅದ್ರಲ್ಲಿ ಸಿಕ್ಕಿದ್ದು ನೀನು ಮಾತ್ರ."

ಅಜ್ಜಿ ತನ್ನ ಅಂಗೈಯನ್ನೇ ನೋಡುತ್ತಾ ಕೂತಳು.

"ಎಲ್ರನೂ ತೊಳ್ದು ಕಳಿಸ್ದೆ," ಅಂದಳು. "ಅವಳೊಬ್ಬಳ್ನ ತೊಳ್ದು ಕಳ್ದೇಬುಟ್ನಲ್ಲ."

ಆಮೇಲೆ ಬಾಯಿ ಮುಕ್ಕಳಿಸಿ ಬಂದು, ನನ್ನ ಮುಂದೆ ಮಗುವಿನ ಹಾಗೆ ಬಾಯಿ ತೆರೆದಳು. ನಾನು ಕಡ್ಡಿಯನ್ನು ಅವಳ ಕೆನ್ನೆಯೊಳಗೆ ಆಡಿಸಿದೆ. ನನ್ನನ್ನು ಸಾಕಿದವಳನ್ನು ನಾನು ಕೈಗವಸು ಹಾಕಿಕೊಂಡು ಮುಟ್ಟಿದ್ದು ಅದೇ ಮೊದಲು.