ಬೆಣ್ಣೆಕಾಲು

ಮಾವ ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ಡಿಪೋದವರೆಲ್ಲ ಅವರನ್ನು ಬೆಣ್ಣೆಕಾಲು ಎಂದೇ ಕರೆಯುತ್ತಿದ್ದರು. ಹೊಗಳಿಕೆಯೂ ಹೌದು, ಗೇಲಿಯೂ ಹೌದು. ಅವರು ಬಸ್ಸು ನಿಲ್ಲಿಸಿದರೆ ನಿಂತದ್ದೇ ಗೊತ್ತಾಗುತ್ತಿರಲಿಲ್ಲ. ನಿದ್ದೆ ಹೋದ ಪ್ರಯಾಣಿಕರು ತಮ್ಮ ಸ್ಟಾಪು ತಪ್ಪಿಸಿಕೊಂಡು, ಎಚ್ಚರವಾದ ಮೇಲೆ ಡ್ರೈವರನ್ನೇ ಬೈಯುತ್ತಿದ್ದರಂತೆ. ಬೈಸಿಕೊಂಡದ್ದನ್ನೂ ಮಾವ ಪದಕ ಸಿಕ್ಕವರ ಹಾಗೆ ಮನೆಗೆ ಬಂದು ಹೇಳುತ್ತಿದ್ದರು.

ಅಂಥವರ ಅಳಿಯ ಕಾರು ರಿಪೇರಿ ಮೇಸ್ತ್ರಿ. ಇವನದು ಕಬ್ಬಿಣದ ಕಾಲು. ಯಾವ ಕಾರಿನ ಕೆಲಸ ಮುಗಿದರೂ ಅದನ್ನು ವರ್ಕ್‌ಶಾಪಿನ ಹಿಂದಿನ ಅಗಲ ರಸ್ತೆಗೆ ಒಯ್ದು, ಜೋರಾಗಿ ಓಡಿಸಿ, ಬ್ರೇಕನ್ನು ತುಳಿದೇ ಬಿಡುವನು. ಮೊಳೆ ಹೊಡೆದ ಹಾಗೆ ನಿಂತರೆ ಪಾಸು. ಕೆಲಸ ಕಲಿಸಿದ ಗುರು ಹೇಳಿಕೊಟ್ಟ ಪರೀಕ್ಷೆ, ಇವತ್ತಿನವರೆಗೂ ಕೈಕೊಟ್ಟಿಲ್ಲ ಎಂಬುದು ಅವನ ಜಂಬ. ಜಂಬಕ್ಕೇನು, ಪೆಟ್ಟು ಬೀಳುವವರೆಗೆ ಅದು ಚೆನ್ನಾಗಿಯೇ ಇರುತ್ತದೆ.

ಎಲ್ಲರೂ ಒಂದೇ ಮನೆಯಲ್ಲಿದ್ದರು. ಕೆಳಗೆ ಅತ್ತೆ, ಮಾವ. ಮಹಡಿಯ ಮೇಲೆ ಮೇಸ್ತ್ರಿ ಮತ್ತು ಅವನ ಹೆಂಡತಿ. ಮನೆಯ ಪಕ್ಕದಲ್ಲಿ ತಗಡಿನ ಬಾಗಿಲಿನ ಒಂದು ಶೆಡ್ಡು, ಅದರೊಳಗೆ ಮಾವ ನಿವೃತ್ತರಾದ ಮೇಲೆ ಕೊಂಡ ಸೆಕೆಂಡ್ ಹ್ಯಾಂಡ್ ಕಾರು. ವಯಸ್ಸಾದ ಕಾರಾದರೂ ಎಬಿಎಸ್ ಇತ್ತು. ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಬಿಗಿದುಕೊಂಡು ಜಾರದ ಹಾಗೆ, ತಾನೇ ಬ್ರೇಕನ್ನು ಬಿಟ್ಟು ಹಿಡಿದು ಮಾಡುವ ಏರ್ಪಾಟು ಅದು.

ಒಂದು ಸಂಜೆ ಮಾವ ಕಾರನ್ನು ಒಳಗೆ ಬಿಡಲು ಬಂದರು. ಅತ್ತೆ ಎಂದಿನಂತೆ ಮುಂದೆ ಹೋಗಿ ಶೆಡ್ಡಿನ ಬಾಗಿಲ ಚಿಲಕ ತೆಗೆಯುತ್ತಿದ್ದರು. ಕಾರು ಮನುಷ್ಯ ನಡೆಯುವಷ್ಟು ನಿಧಾನವಾಗಿ ಬಂತು, ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ, ಹಾಗೇ ಮುಂದೆ ಸರಿದು ಅತ್ತೆಯನ್ನು ತಗಡಿನ ಬಾಗಿಲಿಗೆ ಒತ್ತಿಬಿಟ್ಟಿತು. ಅವರ ಸೊಂಟದ ಮೂಳೆ ಮುರಿಯಿತು.

"ಬ್ರೇಕ್ ಮೇಲೇ ಕಾಲಿತ್ತು," ಅಂದರು ಮಾವ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು. "ಪೆಡಲ್ ಗಡಗಡ ನಡುಗ್ತು. ಗಾಡಿ ನಿಲ್ಲಲಿಲ್ಲ."

ಮಗಳು ಗಂಡನ ಮುಖ ನೋಡಿದಳು. ಪೆಡಲ್ ಯಾಕೆ ನಡುಗುತ್ತದೆ, ನಡುಗಿದ್ದು ಅಪ್ಪನ ಕಾಲು ಎಂಬುದು ಅವಳ ಕಣ್ಣಲ್ಲೇ ಇತ್ತು. ಮೇಸ್ತ್ರಿ ಮರುದಿನವೇ ಕಾರನ್ನು ವರ್ಕ್‌ಶಾಪಿಗೆ ಒಯ್ದ. ಸ್ಕ್ಯಾನರ್ ಹಚ್ಚಿದ, ಒಂದು ದೋಷವನ್ನೂ ಅದು ತೋರಿಸಲಿಲ್ಲ. ಎಬಿಎಸ್ ದೀಪ ಕೀಲಿ ತಿರುಗಿಸಿದಾಗ ಹತ್ತಿ, ಮರ್ಯಾದೆಯಾಗಿ ಆರಿತು. ಅಗಲ ರಸ್ತೆಗೆ ಒಯ್ದು ಓಡಿಸಿ ತುಳಿದ. ಕಾರು ಮೊಳೆ ಹೊಡೆದ ಹಾಗೆ ನಿಂತಿತು. ಇನ್ನೊಮ್ಮೆ ತುಳಿದ, ಇನ್ನೊಮ್ಮೆ ನಿಂತಿತು.

ಮನೆಗೆ ಬಂದು, ಎಲ್ಲರೂ ಕೂತಿದ್ದಾಗ, "ಕಾರಲ್ಲಿ ಏನೂ ತೊಂದ್ರೆ ಇಲ್ಲ," ಅಂತ ಕಡ್ಡಿ ಮುರಿದ ಹಾಗೆ ಹೇಳಿದ. ಅಷ್ಟೇ ಹೇಳಿದ. ಉಳಿದದ್ದನ್ನು ಯಾರೂ ಹೇಳಬೇಕಾಗಿರಲಿಲ್ಲ. ಕಾರಲ್ಲಿ ಇಲ್ಲ ಎಂದ ಮೇಲೆ ಮತ್ತೆಲ್ಲಿದೆ? ಮಗಳು ಗೋಡೆಯ ಮೊಳೆಯಿಂದ ಕೀಲಿ ತೆಗೆದು ತನ್ನ ಬ್ಯಾಗಿಗೆ ಹಾಕಿಕೊಂಡಳು.

ಮಾವ ಮೊದಮೊದಲು ವಾದ ಮಾಡಿದರು. ಆಮೇಲೆ ವಾದ ಮಾಡುವಾಗ ನಡುವೆ ತಡೆಯತೊಡಗಿದರು. ಆಮೇಲೆ ಸುಮ್ಮನಾದರು. ಅತ್ತೆಯನ್ನು ನೋಡಲು ಬಂದವರು ಹೇಗಾಯ್ತು ಅಂತ ಕೇಳದೆ ಬಿಡುವರೇ? ಕೇಳಿದವರಿಗೆಲ್ಲ ಹೇಳಿ ಹೇಳಿ, "ವಯಸ್ಸಾಯ್ತು, ಕಾಲು ತಪ್ತು," ಎಂಬ ಮಾತು ಅವರ ಬಾಯಿಗೆ ರೂಢಿಯಾಯಿತು. ಮನೆಯವರಿಗೆ ಒಳಗೊಳಗೇ ಸಮಾಧಾನವಾಯಿತು ಎಂದು ಹೇಳಲು ಬೇಸರವಾಗುತ್ತದೆ, ಆದರೆ ಆದದ್ದು ಹಾಗೆಯೇ. ಹಟ ಮಾಡುವ ಮುದುಕರಿಗಿಂತ ಒಪ್ಪಿಕೊಳ್ಳುವ ಮುದುಕರು ಮನೆಗೆ ಸಲೀಸು. ಮಾವ ಆ ಕಾರಿನಲ್ಲಿ ಮತ್ತೆ ಕೂರಲಿಲ್ಲ. ಔಷಧಿ ಅಂಗಡಿಗೂ ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತು ಹೋಗುತ್ತಿದ್ದರು.

ತಿಂಗಳುಗಳು ಕಳೆದ ಮೇಲೆ ಒಂದು ದಿನ ಅತ್ತೆಯನ್ನು ಡಾಕ್ಟರಿಗೆ ತೋರಿಸಬೇಕಾಗಿತ್ತು. ಬೇರೆ ಗಾಡಿ ಸಿಗಲಿಲ್ಲವೆಂದು ಮೇಸ್ತ್ರಿ ಶೆಡ್ಡಿನಿಂದ ಅದೇ ಕಾರು ತೆಗೆದ. ಅತ್ತೆಯನ್ನು ಹಿಂದಿನ ಸೀಟಿನಲ್ಲಿ ದಿಂಬುಗಳ ನಡುವೆ ಕೂರಿಸಿದ. ಸಣ್ಣ ಹಳ್ಳ ಬಂದರೂ ಅವರು ಹಲ್ಲು ಕಚ್ಚುತ್ತಿದ್ದರು. ಹಾಗಾಗಿ ಅವನು ಜೀವಮಾನದಲ್ಲಿ ಮೊದಲ ಸಲ ಮೊಟ್ಟೆಯ ಮೇಲೆ ಕಾಲಿಟ್ಟವನಂತೆ ಓಡಿಸಿದ. ಆಸ್ಪತ್ರೆಯ ಬಾಗಿಲ ಹತ್ತಿರ ಬ್ರೇಕನ್ನು ಒತ್ತಿಯೂ ಒತ್ತದ ಹಾಗೆ ಒತ್ತಿದ. ಇನ್ನೇನು ನಿಲ್ಲಬೇಕು, ಕಾಲಡಿಯಲ್ಲಿ ಪೆಡಲ್ ಗಡಗಡ ನಡುಗಿತು. ಮುಂದಿನಿಂದ ಕೊರ್ ಕೊರ್ ಎಂಬ ಸದ್ದು ಬಂತು. ಕಾರು ನಿಲ್ಲದೆ ಮುಂದೆ ಸರಿಯಿತು. ಅವನು ಕೈಬ್ರೇಕ್ ಎಳೆದ. ಗಾಲಿಕುರ್ಚಿ ಹಿಡಿದು ನಿಂತಿದ್ದ ಆಯಾ ಹಿಂದಕ್ಕೆ ಹಾರಿ ಅವನನ್ನು ಚೆನ್ನಾಗಿ ಬೈದಳು.

ಹಿಂದಿನಿಂದ ಅತ್ತೆ, "ಅವತ್ತೂ ಇದೇ ಸದ್ದು ಬಂತು ಕಣಪ್ಪ," ಅಂದರು.

"ಹೇಳ್ಲೇ ಇಲ್ವಲ್ಲ ಅತ್ತೆ."

"ನನ್ನ ಯಾರು ಕೇಳಿದ್ರು? ನೋವು ಎಷ್ಟಿದೆ ಅಂತ ಕೇಳ್ತಿದ್ರಿ, ಅದನ್ನ ಹೇಳ್ದೆ."

ಮಧ್ಯಾಹ್ನವೇ ಮೇಸ್ತ್ರಿ ಕಾರನ್ನು ವರ್ಕ್‌ಶಾಪಿಗೆ ತಂದ. ಸ್ಕ್ಯಾನರ್ ಮತ್ತೆ ದೋಷವಿಲ್ಲ ಎಂದಿತು. ಅಗಲ ರಸ್ತೆಗೆ ಹೋದ, ಕಾರು ನಿಂತಿತು. ನಿಧಾನವಾಗಿ ಓಡಿಸಿದ, ನಿಂತಿತು. ಸೆನ್ಸರುಗಳ ವೈರುಗಳನ್ನು ಎಳೆದು ನೋಡಿದ, ಕನೆಕ್ಟರು ಬಿಚ್ಚಿ ಊದಿದ, ಮೀಟರು ಹಿಡಿದ; ಎಲ್ಲವೂ ಸರಿ. ಮರುದಿನವೂ ಅದೇ, ಅದರ ಮರುದಿನವೂ ಅದೇ. ಗಿರಾಕಿಗಳ ಕಾರುಗಳು ಬಾಗಿಲಲ್ಲಿ ಸಾಲುಗಟ್ಟಿದವು. ಕಣ್ಣಾರೆ ಕಂಡ ದೋಷ, ಕಾಲಾರೆ ತುಳಿದ ದೋಷ, ಬಾ ಎಂದರೆ ಬರುತ್ತಿಲ್ಲ. ತಲೆ ಕೆರೆದುಕೊಂಡು ಕೆರೆದುಕೊಂಡು ಅವನಿಗೆ ಅಳುವೇ ಬರುವ ಹಾಗಾಯಿತು. ದೊಡ್ಡ ಗಂಡಸು, ಜಾಕಿನ ಮೇಲೆ ಕೂತು, ಬಿಚ್ಚಿದ ಚಕ್ರದ ಕಡೆ ನೋಡುತ್ತ, "ಏನಾಗಿದೆ ನಿಂಗೆ, ಹೇಳು ಮಾರಾಯ," ಎಂದು ಕಾರನ್ನೇ ಕೇಳಿದ.

ಕಡೆಗೆ ಮಾವನ ಬಳಿಗೆ ಹೋದ. "ಮಾವ, ಒಂದ್ಸಲ ಬಂದು ಓಡಿಸಿ. ನಿಮ್ಮ ಹಾಗೆ ನಿಲ್ಸೋಕೆ ನನ್ನ ಕೈಲಿ ಆಗ್ತಿಲ್ಲ."

ಮಾವ ಅತ್ತೆಗೆ ಕಿತ್ತಳೆ ಸುಲಿಯುತ್ತಿದ್ದರು. "ಅದೊಂದು ಮಾತ್ರ ಕೇಳ್ಬೇಡಿ," ಅಂದರು. ಜಪ್ಪಯ್ಯ ಅಂದರೂ ಏಳಲಿಲ್ಲ.

"ಹೋಗ್ಲಿ, ಹೇಗೆ ನಿಲ್ಲಿಸ್ತಿದ್ರಿ ಅಂತನಾದ್ರೂ ಹೇಳಿ."

ಮಾವ ತೊಳೆ ಬಿಡಿಸುವುದನ್ನು ನಿಲ್ಲಿಸಿದರು. ಎಷ್ಟೋ ದಿನಗಳ ಮೇಲೆ ಅವರ ಮುಖದಲ್ಲಿ ಹಳೆಯ ಡ್ರೈವರು ಕಾಣಿಸಿದ. "ಎಲ್ರೂ ನಿಲ್ಲೋವರೆಗೂ ಒತ್ತುತ್ತಾ ಹೋಗ್ತಾರೆ. ನಾನು ನಿಲ್ಲೋದಕ್ಕೆ ಮುಂಚೆ ಸ್ವಲ್ಪ ಸ್ವಲ್ಪವೇ ಬಿಡ್ತಾ ಬರ್ತಿದ್ದೆ. ಗಾಡಿಗೆ ತಾನೇ ನಿಂತೆ ಅನ್ನಿಸ್ಬೇಕು." ಹೇಳಿ ಮುಗಿಸಿ, ಅತ್ತೆಯ ಸೊಂಟದ ಕಡೆ ನೋಡಿ, ಮತ್ತೆ ಹಣ್ಣಿಗೆ ತಲೆ ಬಗ್ಗಿಸಿದರು.

ಮೇಸ್ತ್ರಿ ವರ್ಕ್‌ಶಾಪಿನ ಅಂಗಳದಲ್ಲೇ ಅಭ್ಯಾಸಕ್ಕೆ ಕೂತ. ಬಿಡುತ್ತಾ ಬರುವುದು ಎಷ್ಟು ಕಷ್ಟ ಎಂದು ಅವನಿಗೆ ಆಗ ತಿಳಿಯಿತು. ಒಂದು ಕಣ್ಣು ಗೋಡೆಯ ಮೇಲೆ, ಒಂದು ಕಣ್ಣು ಪಕ್ಕದ ಸೀಟಿನಲ್ಲಿಟ್ಟ ಸ್ಕ್ಯಾನರಿನ ಮೇಲೆ. ನಾಲ್ಕು ಚಕ್ರದ ವೇಗವೂ ಅದರಲ್ಲಿ ಕಾಣುತ್ತಿತ್ತು. ಬೆವರು ಸುರಿಸಿಕೊಂಡು ಎಷ್ಟನೆಯದೋ ಸಲ ನಿಲ್ಲಿಸುವಾಗ ಮೂರು ಚಕ್ರ ಮೆಲ್ಲಗೆ ತಿರುಗುತ್ತಲೇ ಇದ್ದವು, ಮುಂದಿನ ಬಲ ಚಕ್ರ ಮಾತ್ರ ಸೊನ್ನೆ ಎಂದಿತು. ಪೆಡಲ್ ಗಡಗಡ ನಡುಗಿತು. ಕಾರು ಹೋಗಿ ಗೋಡೆಗೆ ಮುತ್ತಿಟ್ಟಿತು.

ಚಕ್ರದ ಒಳಗೆ ಹಲ್ಲಿನ ಬಳೆಯೊಂದಿರುತ್ತದೆ. ಪಕ್ಕದ ಸೆನ್ಸರು ಆ ಹಲ್ಲುಗಳನ್ನು ಲೆಕ್ಕ ಹಾಕಿ ಚಕ್ರದ ವೇಗವನ್ನು ಕಂಪ್ಯೂಟರಿಗೆ ಹೇಳುತ್ತದೆ. ಆ ಚಕ್ರ ಬಿಚ್ಚಿ ತುಕ್ಕು ಕೆರೆದು ನೋಡಿದರೆ ಬಳೆ ಸೀಳಿತ್ತು. ಸೀಳು ಎದುರಿಗೆ ಬಂದಾಗ ಸೆನ್ಸರಿಗೆ ಹಲ್ಲು ಕಾಣದು. ಚಕ್ರ ಬಿಗಿದುಕೊಂಡಿದೆ ಎಂದು ನಂಬಿ ಎಬಿಎಸ್ ಬ್ರೇಕನ್ನು ಬಿಟ್ಟುಬಿಡುವುದು; ಪೆಡಲ್ ನಡುಗುವುದೂ ಕೊರ್ ಕೊರ್ ಎನ್ನುವುದೂ ಆಗಲೇ. ತನ್ನ ಕೆಲಸವನ್ನೇ ಮಾಡುತ್ತಿದ್ದೇನೆ ಎಂದುಕೊಂಡ ಕಂಪ್ಯೂಟರು ದೋಷವೆಂದು ಯಾಕೆ ಬರೆದುಕೊಂಡೀತು? ಜೋರಾಗಿ ತುಳಿಯುವವನು ಆ ನಿಧಾನದ ಗಳಿಗೆಯನ್ನು ದಾಟಿಬಿಡುತ್ತಾನೆ, ಅವನಿಗೆ ಅದು ಸಿಗುವುದೇ ಇಲ್ಲ. ಬೆಣ್ಣೆಯ ಹಾಗೆ ನಿಲ್ಲಿಸುವವನಿಗೆ ಮಾತ್ರ ಸಿಗುತ್ತದೆ. ಮಾವ ಅಷ್ಟು ಚೆನ್ನಾಗಿ ಓಡಿಸದೇ ಇದ್ದಿದ್ದರೆ ಅತ್ತೆಯ ಸೊಂಟ ಉಳಿಯುತ್ತಿತ್ತು.

ಕೆಟ್ಟದ್ದು ಕಣ್ಣಿಗೆ ಬಿದ್ದರೆ ಬಿಚ್ಚಿ ತೆಗೆದು ಹೊಸದು ಹಾಕುವುದು ಮೇಸ್ತ್ರಿಗಳ ಕೈಚಾಳಿ. ಇವನ ಕೈಯೂ ಅದನ್ನೇ ಮಾಡಿತು. ಹೊಸ ಬಳೆ ಕೂರಿಸಿ, ಚಕ್ರ ಬಿಗಿದು, ಕೈ ಒರೆಸಿಕೊಂಡ ಮೇಲೆ ಅವನಿಗೆ ಹೊಳೆಯಿತು: ಮಾವನನ್ನು ಕರೆತಂದು ಪಕ್ಕದಲ್ಲಿ ಕೂರಿಸಿ ತೋರಿಸಲು ಈಗ ದೋಷವೇ ಇಲ್ಲ. ಸೀಳಿದ ಹಳೆಯ ಬಳೆಯನ್ನಾದರೂ ಎಸೆದಿರಲಿಲ್ಲ, ಪುಣ್ಯ. ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ಓಡಿದ.

ಅತ್ತೆಯ ಕೋಣೆಯಲ್ಲಿ ಎಲ್ಲರೂ ಇದ್ದರು. ಮೇಸ್ತ್ರಿ ಬಳೆಯನ್ನು ಮಾವನ ಕೈಗೆ ಕೊಟ್ಟು, ಸೀಳು ತೋರಿಸಿ, ಮೊದಲಿನಿಂದ ಕೊನೆಯವರೆಗೆ ಹೇಳಿದ. ಹೆಂಡತಿ ಬಾಗಿಲಿಗೆ ಒರಗಿಕೊಂಡು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾವ ಬಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಹಳೇ ಕಾರು. ತುಕ್ಕು ಹಿಡಿಯುತ್ತೆ," ಅಂದರು.

"ಅದಲ್ಲ ಮಾವ. ನಿಮ್ಮ ಕಾಲು ಬ್ರೇಕ್ ಮೇಲೇ ಇತ್ತು. ನೀವು ಅವತ್ತು ಹೇಳಿದ್ದು ನಿಜ."

"ಇಲ್ಲಪ್ಪ." ಅವರ ದನಿಯಲ್ಲಿ ಕೋಪವಿರಲಿಲ್ಲ. "ಬ್ರೇಕ್ ಅಂದ್ಕೊಂಡು ನಾನು ಆಕ್ಸಿಲರೇಟರ್ ಒತ್ತಿದ್ದು. ನಂಗೆ ಚೆನ್ನಾಗಿ ನೆನಪಿದೆ. ಎಂಜಿನ್ ಕೂಗಿದ್ದು ಇನ್ನೂ ಕಿವೀಲಿದೆ."

"ಎಂಜಿನ್ ಎಲ್ಲಿ ಕೂಗ್ತು ರೀ?" ಅತ್ತೆ ಹಾಸಿಗೆಯಿಂದಲೇ ಅಂದರು. "ನಾನು ಮುಂದೇನೇ ನಿಂತಿದ್ನಲ್ಲ. ಕೊರ್ ಕೊರ್ ಅಂತು, ಅಷ್ಟೇ."

ಮಾವ ಹೆಂಡತಿಯ ಕಡೆ ತಿರುಗಿ ನಕ್ಕರು. "ಅವಳು ನನ್ನ ಯಾವತ್ತೂ ಬಿಟ್ಕೊಟ್ಟಿಲ್ಲ," ಎಂದರು ಅಳಿಯನಿಗೆ.

"ಮಾವ, ತಪ್ಪು ನಂದು. ನಾನು ಸರಿಯಾಗಿ ನೋಡ್ದೆ ಹೇಳ್ಬಿಟ್ಟೆ. ನನ್ನ ಮಾತು ಕೇಳಿ ನೀವು—"

ಮಾವ ಬಳೆಯನ್ನು ಬಟ್ಟೆಯಲ್ಲಿ ಮೊದಲಿದ್ದ ಹಾಗೆಯೇ ಸುತ್ತಿ ಅವನ ಕೈಯಲ್ಲಿಟ್ಟರು. ಕೈಯನ್ನು ಸ್ವಲ್ಪ ಹೊತ್ತು ಬಿಡಲಿಲ್ಲ. ನಡುಗದ ಕೈ. ಇಷ್ಟು ವರ್ಷಗಳಲ್ಲಿ ಅವರು ಅಳಿಯನ ಕೈ ಹಿಡಿದದ್ದು ಅದೇ ಮೊದಲು.

"ನಿಮ್ಮ ಕೆಲಸ ನಂಗೆ ಗೊತ್ತಿಲ್ವಾ? ನೀವು ನೋಡಿ ಇಲ್ಲ ಅಂದ್ರೆ ಇಲ್ಲ. ಮುದುಕನಿಗೆ ಸಮಾಧಾನ ಆಗ್ಲಿ ಅಂತ ಇಷ್ಟೆಲ್ಲ ಮಾಡಿದ್ರಿ, ದೊಡ್ಡ ಮನಸ್ಸು ನಿಮ್ದು. ಆದ್ರೆ ನನ್ನ ತಪ್ಪನ್ನ ನೀವು ಹೊತ್ಕೋಬೇಡಿ."