ಬೆಂಕಿ ಆರಿಸಿದ ಮನೆ

ಗುರುವಾರ ಮಧ್ಯಾಹ್ನ ಹಿಮ ಬೀಳಲು ಶುರುವಾದಾಗ ಮಾಪುಲೆಂಗ್ ಅದನ್ನು ಅಷ್ಟೇನೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಲೆಸೊಥೊದ ಮಲೂಟಿ ಬೆಟ್ಟಗಳ ನೆತ್ತಿಯಲ್ಲಿ ಹುಟ್ಟಿ, ಅಲ್ಲೇ ಲಗ್ನವಾಗಿ, ಅಲ್ಲೇ ಮಗಳು ಪುಲೆಂಗ್‌ಳನ್ನು ಹೆತ್ತು, ಅವಳ ಹೆಸರಿನಿಂದಲೇ ಊರವರ ಬಾಯಲ್ಲಿ ಮಾಪುಲೆಂಗ್ ಆದವಳು ಅವಳು. ಅಲ್ಲಿ ನಡುಚಳಿಗಾಲವಾದ ಜುಲೈ ತಿಂಗಳ ಹಿಮ ಅವಳಿಗೆ ಹೊಸದೇ? ಆದರೆ ಆ ಸಲದ್ದು ಬೇರೆಯೇ ಆಗಿತ್ತು. ಗಾಳಿ ಸೇರಿಕೊಂಡಿತು. ಸಂಜೆಯಾಗುವಷ್ಟರಲ್ಲಿ ಅಂಗಳದ ಕಲ್ಲುಗೋಡೆ ಮುಳುಗಿ, ಎದುರಿಗಿದ್ದ ಅಡಿಗೆಗುಡಿಸಲಿನ ಮಾಡು ಹಿಮದ ಭಾರಕ್ಕೆ ನಡು ಮುರಿದ ಎತ್ತಿನ ಹಾಗೆ ಕುಸಿಯಿತು.

ಒಳಗೆ ಅತ್ತೆ ಇದ್ದಳು. ಮಾಪುಲೆಂಗ್ ಸೊಂಟದವರೆಗೆ ಹೂತುಕೊಳ್ಳುತ್ತ ಹೋಗಿ ಮುದುಕಿಯನ್ನು ಎಳೆದುಕೊಂಡು ಬಂದಳು. ಮುದುಕಿಯ ಕಂಬಳಿಯೊಳಗೆ ಬೆಕ್ಕು ಇತ್ತು.

"ಮಾಡು ಬೀಳ್ತಿದ್ರೂ ಬೆಕ್ಕು ಹುಡುಕ್ತಿದ್ರಾ ಅವ್ವಾ?" ಎಂದು ಮಾಪುಲೆಂಗ್ ಕೂಗಿದಳು.

"ಅದೇ ನನ್ನ ಹುಡುಕ್ಕೊಂಡ್ ಬಂತು ಕಣೇ. ಈ ಮನೇಲಿ ನನ್ನ ಕೇಳೋರು ಅದೊಂದೇ ತಾನೆ!"

ಎರಡನೆಯ ಸಲ ಹೋಗಿ ಬೆರಣಿಯ ಚೀಲ, ಒಂದು ಗಡಿಗೆ ಅಂಬಲಿ, ಬೆಳಿಗ್ಗೆ ಮಾಡಿದ್ದ ಜೋಳದ ಮುದ್ದೆ ಇಷ್ಟನ್ನು ತಂದಳು. ಮೂರನೆಯ ಸಲ ಹೋಗಲು ಆಗಲಿಲ್ಲ. ಹೀಗೆ ನಾಲ್ಕು ಜನ, ಒಂದು ಬೆಕ್ಕು ಮಲಗುವ ಗುಡಿಸಲಿನಲ್ಲಿ ಸೇರಿಕೊಂಡರು. ದುಂಡನೆಯ ಕಲ್ಲುಗೋಡೆ, ಹುಲ್ಲಿನ ಮಾಡು, ಒಂದು ತಗಡಿನ ಬಾಗಿಲು, ಅಂಗೈಯಗಲದ ಕಿಟಕಿ. ಗೋಡೆಯ ಪಕ್ಕದ ಮಂಚದ ಮೇಲೆ ಗಂಡ ಟಂಕಿಸೊ ದಿಂಬಿಗೆ ಒರಗಿ ಕೂತಿದ್ದ. ಮಲಗಿದರೆ ಅವನಿಗೆ ಉಸಿರು ಕಟ್ಟುತ್ತಿತ್ತು.

ಟಂಕಿಸೊ ಯಾವಾಗಲೋ ಒಮ್ಮೆ ರಜೆಗೆ ಬಂದು ಹೋಗುತ್ತ, ಹದಿನಾಲ್ಕು ವರ್ಷ ಗಡಿಯಾಚೆಯ ಚಿನ್ನದ ಗಣಿಯಲ್ಲಿ ಕಲ್ಲು ಕೊರೆದವನು. ಎರಡು ವರ್ಷದ ಹಿಂದೆ ಎದೆಯ ತುಂಬ ಆ ಕಲ್ಲಿನ ಧೂಳು ತುಂಬಿಕೊಂಡು ಮನೆಗೆ ಬಂದ. ಅವನು ಅಂಗಳಕ್ಕೆ ಕಾಲಿಟ್ಟಾಗ ಮೊದಲು ಎದುರಾದವಳು ಕಪ್ಪು ನಾಯಿ ಲೆಫೀಫಿ. ಅವನ ಕೊನೆಯ ರಜೆಯ ನಂತರ ಹುಟ್ಟಿ ಬೆಳೆದ ನಾಯಿ. ಹೊಸಬನೆಂದು ಅವಳು ಅವನ ಪ್ಯಾಂಟು ಹಿಡಿದು ಜಗ್ಗಿದಳು. ಊರವರೆಲ್ಲ ನಕ್ಕರು. "ಮನೆ ಯಜಮಾನನ್ನೇ ಕಳ್ಳ ಅಂದ ನಾಯಿ" ಎಂದು ಟಂಕಿಸೊ ಅಂದಿನಿಂದ ಅವಳ ಮೇಲೆ ಹಲ್ಲು ಮಸೆಯುತ್ತಿದ್ದ. ಹೊಸ್ತಿಲು ದಾಟಿದರೆ ಕೋಲು ಎಸೆಯುತ್ತಿದ್ದ. ಕೋಲು ಎತ್ತಲೂ ಆಗದ ಮೇಲೆ ಬೈಯುತ್ತಿದ್ದ. ಬೈಯಲೂ ಉಸಿರು ಸಾಲದಾದ ಮೇಲೆ ಸುಮ್ಮನೆ ದುರುಗುಟ್ಟಿ ನೋಡುತ್ತಿದ್ದ.

ಹೊಗೆ ಅವನ ಎದೆಗೆ ಆಗದೆಂದು ಆ ಮಲಗುವ ಗುಡಿಸಲಿನಲ್ಲಿ ಬೆರಣಿ ಉರಿಸುತ್ತಿರಲಿಲ್ಲ. ಸೀಮೆಎಣ್ಣೆಯ ಸ್ಟೌ ಇತ್ತು. ಎಣ್ಣೆ ತಳ ಕಂಡು ಮೂರು ದಿನವಾಗಿತ್ತು, ಅಂಗಡಿ ಕಣಿವೆಯ ಕೆಳಗೆ. ಶನಿವಾರ ಹೋದರಾಯಿತು ಎಂದುಕೊಂಡಿದ್ದಳು ಮಾಪುಲೆಂಗ್.

ಶುಕ್ರವಾರ ಬೆಳಗಾದದ್ದು ಗೊತ್ತೇ ಆಗಲಿಲ್ಲ. ಕಿಟಕಿ ಹಿಮದಿಂದ ಮುಚ್ಚಿಹೋಗಿತ್ತು. ಬಾಗಿಲು ಅರ್ಧ ಮೊಳ ತೆರೆಯಿತು, ಅಷ್ಟೇ. ಒಂಬತ್ತು ವರ್ಷದ ಪುಲೆಂಗ್ ಮೂಲೆಯಲ್ಲಿ ಮುದುಡಿ ಕೂತಿದ್ದಳು. ಮಾಪುಲೆಂಗ್ ಅವಳ ಕಾಲು ಮುಟ್ಟಿ ನೋಡಿದಳು. ಕಲ್ಲಿನ ಹಾಗಿತ್ತು.

"ಚಿವುಟಿದ್ರೆ ನೋವಾಗತ್ತಾ?"

"ಚಿವುಟಿದ್ಯಾ? ಯಾವಾಗ?" ಎಂದಳು ಹುಡುಗಿ.

ಮಾಪುಲೆಂಗ್ ಗಂಡನ ಮುಖ ನೋಡಿದಳು. ಟಂಕಿಸೊ ಏನೂ ಕೇಳದೆಯೇ ತಲೆಯಾಡಿಸಿದ. "ಹಚ್ಚು. ಮಗು ಮುಖ್ಯ. ನಾನು ಕಂಬಳಿ ಮುಚ್ಕೊಂಡಿರ್ತೀನಿ."

ಅವಳು ತಗಡಿನ ಬೋಗುಣಿಯಲ್ಲಿ ಬೆರಣಿ ಮುರಿದು ಹಾಕಿ ಬೆಂಕಿ ಹಚ್ಚಿದಳು. ಬೇರೆ ದಿನವಾಗಿದ್ದರೆ ಹೊಗೆ ಮಾಡಿನ ಹುಲ್ಲಿನ ಸಂದಿಯಿಂದ ಸೋಸಿಹೋಗುತ್ತಿತ್ತು. ಈಗ ಮಾಡಿನ ಮೇಲೆ ಮೊಳದೆತ್ತರದ ಹಿಮ. ಹೊಗೆ ಮೇಲೆ ಹೋಗಿ, ಸುತ್ತಿ, ಕೆಳಗೆ ಇಳಿಯಿತು. ಪುಲೆಂಗ್ ಬೆಂಕಿಗೆ ಕಾಲು ಚಾಚಿ, ಜುಮ್ಮೆನ್ನುವ ನೋವಿಗೆ ಅಳತೊಡಗಿದಳು. ಆ ಅಳು ಕೇಳಿ ಮಾಪುಲೆಂಗ್‌ಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಟಂಕಿಸೊ ಕೆಮ್ಮತೊಡಗಿದ. ಮೊದಲು ಕಂಬಳಿಯೊಳಗೆ ಅದುಮಿಕೊಂಡು ಕೆಮ್ಮಿದ. ಆಮೇಲೆ ಕಂಬಳಿ ಕಿತ್ತೆಸೆದು ಎರಡೂ ಕೈಯಿಂದ ಮಂಚದ ಪಟ್ಟಿ ಹಿಡಿದುಕೊಂಡ. ಕೆಮ್ಮು ಮುಗಿದಾಗ ಅವನ ತುಟಿ ನೀಲಿಯಾಗಿತ್ತು. ಮಾಪುಲೆಂಗ್ ಬಾಗಿಲ ಸಂದಿಯಿಂದ ಹಿಮ ಬಾಚಿ ತಂದು ಬೋಗುಣಿಯ ಮೇಲೆ ಸುರಿದಳು. ಬೆಂಕಿ ಚುಯ್ ಎಂದು ಆರಿತು. ಆರುವಾಗ ಎದ್ದ ಹೊಗೆ ಇನ್ನೂ ದಟ್ಟ. ಅದು ಅವನನ್ನು ಮತ್ತೆ ಹಿಡಿಯಿತು. ಮಧ್ಯಾಹ್ನದವರೆಗೂ ಬಿಡಲಿಲ್ಲ.

ಉಸಿರು ಸ್ವಲ್ಪ ಹತೋಟಿಗೆ ಬಂದ ಮೇಲೆ ಅವನು ಬಾಗಿಲ ಕಡೆ ಕೈ ಮಾಡಿದ. ಹೊರಗೆ ತಗಡನ್ನು ಪರಚುವ ಸದ್ದು.

"ಆ ಕಳ್ಳೀನ ಕರಿ."

"ಯಾರ್ನ?"

"ನಾಯೀನ. ಬಿಸಿ ಬೇಕಲ್ಲ... ಹೊಗೆ ಬಿಡ್ದೆ ಇರೋ ಒಲೆ ಅಂದ್ರೆ ಅದೊಂದೇ."

ಲೆಫೀಫಿ ಬಾಗಿಲ ಸಂದಿಯಿಂದ ನುಸುಳಿ ಬಂದವಳು ಹೊಸ್ತಿಲಲ್ಲೇ ನಿಂತಳು. ಬೆನ್ನ ತುಂಬ ಹಿಮ, ಮೀಸೆಗೆಲ್ಲ ಮಂಜಿನ ಹರಳು. ಮಂಚದ ಮೇಲಿನವನನ್ನು ನೋಡಿ ಕಿವಿ ಮಡಚಿಕೊಂಡಳು. ಎಸೆಯುವ ಕೋಲಿಗೆ ಕಾಯುತ್ತಿದ್ದಳೇನೋ.

"ಬಾರೇ," ಎಂದ ಟಂಕಿಸೊ. "ಇನ್ನೇನ್ ಅರ್ಜಿ ಹಾಕ್ಬೇಕಾ ನಿಂಗೆ?"

ಪುಲೆಂಗ್ ಕಿಸಕ್ಕನೆ ನಕ್ಕಳು. ಮುದುಕಿಯೂ ನಕ್ಕಳು. ಅವನೂ ನಗಲು ಹೋಗಿ ಎದೆ ಹಿಡಿದುಕೊಂಡ. ಮಾಪುಲೆಂಗ್ ನಾಯಿಯ ಮೈ ಒರೆಸಿ ಮಂಚ ಹತ್ತಿಸಿದಳು. ಆ ಸಂಜೆ ಎಲ್ಲರೂ ಒಂದೇ ಮಂಚದ ಸುತ್ತ ಒಬ್ಬರಿಗೊಬ್ಬರು ಒತ್ತಿ ಕೂತರು. ಅವನ ಪಕ್ಕದಲ್ಲಿ ನಾಯಿ, ನಾಯಿಗೆ ಅಂಟಿಕೊಂಡು ಪುಲೆಂಗ್, ಪುಲೆಂಗ್‌ಳ ಕಾಲಿನ ಮೇಲೆ ಬೆಕ್ಕು, ಎಲ್ಲರ ಮೇಲೂ ಮನೆಯಲ್ಲಿದ್ದ ಐದೂ ಕಂಬಳಿ. ತಣ್ಣನೆಯ ಮುದ್ದೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ತಿಂದರು. ಟಂಕಿಸೊ ತನ್ನ ಪಾಲಿನದನ್ನು ಚೂರು ಚೂರಾಗಿ ನಾಯಿಗೆ ತಿನ್ನಿಸುತ್ತಿದ್ದುದನ್ನು ಮಾಪುಲೆಂಗ್ ಕಂಡೂ ಕಾಣದ ಹಾಗಿದ್ದಳು.

"ನೀವೂ ತಿನ್ನಿ, ಪುಲೆಂಗ್ ಅಪ್ಪಾ."

"ತಿಂದಾಯ್ತು," ಎಂದ. ಸ್ವಲ್ಪ ಹೊತ್ತಿನ ಮೇಲೆ, "ಹದಿನಾಲ್ಕು ವರ್ಷ ಈ ಬಾಗಿಲು ಕಾದಿದ್ದು ಇವ್ಳೇ ಅಲ್ವಾ?" ಎಂದು ಕೇಳಿದ.

"ಇವ್ಳ ತಾಯಿ, ಆಮೇಲೆ ಇವ್ಳು."

"ಮತ್ತೆ ನಂಗೆ ಬೊಗಳ್ದೆ ಇನ್ಯಾರಿಗೆ ಬೊಗಳ್ಬೇಕು?" ಎಂದು ಕಣ್ಣು ಮುಚ್ಚಿದ.

ಶನಿವಾರ ಇಡೀ ದಿನ ಹಿಮ ನಿಲ್ಲಲಿಲ್ಲ. ಬೆರಣಿಯ ಚೀಲ ಮೂಲೆಯಲ್ಲಿತ್ತು, ಬೆಂಕಿಪೆಟ್ಟಿಗೆ ಮಾಪುಲೆಂಗ್‌ಳ ಮಡಿಲಲ್ಲಿತ್ತು. ಮಗಳು ನಡುಗಿದಾಗ ಕೈ ಅದರತ್ತ ಹೋಗುತ್ತಿತ್ತು. ಗಂಡನ ಉಸಿರು ಗೊರಗುಟ್ಟಿದಾಗ ಹಿಂದೆ ಬರುತ್ತಿತ್ತು. ಮುದುಕಿಯ ಕೆನ್ನೆ ಬೂದಿಬಣ್ಣಕ್ಕೆ ತಿರುಗಿತ್ತು. "ಅವ್ವಾ, ತಡ್ಕೋತೀರಾ?" ಎಂದರೆ, "ನನ್ನ ಬಿಡು, ನಾನು ಒಣಗಿದ ಕಟ್ಟಿಗೆ. ನಂಗೇನ್ ಚಳಿ?" ಎನ್ನುತ್ತಿದ್ದಳು. ಹಲ್ಲು ಕಟಕಟ ಎನ್ನುತ್ತಿತ್ತು.

ಭಾನುವಾರ ಗಾಳಿ ನಿಂತಿತು. ಆ ನಿಶ್ಶಬ್ದಕ್ಕೇ ಮಾಪುಲೆಂಗ್‌ಗೆ ಎಚ್ಚರವಾಯಿತು. ಕಿಟಕಿಯ ಹಿಮದೊಳಗಿಂದ ನೀಲಿ ಬೆಳಕು ಸೋರುತ್ತಿತ್ತು. ಗಂಡ ಒರಗಿದಂತೆಯೇ ಇದ್ದ, ಒಂದು ಕೈ ನಾಯಿಯ ಕುತ್ತಿಗೆಯ ಮೇಲೆ. ಗೊರಗುಟ್ಟುವ ಸದ್ದು ಇರಲಿಲ್ಲ.

ಪುಲೆಂಗ್ ಆಗಲೇ ಎದ್ದು ಅಪ್ಪನ ಎದೆಗೆ ಕೈ ತೂರಿಸಿ ಕೂತಿದ್ದಳು. "ಅವ್ವಾ, ಅಪ್ಪಂಗೆ ಇವತ್ತು ಕೆಮ್ಮೇ ಇಲ್ಲ. ಬೆಚ್ಚಗಿದಾರೆ ನೋಡು!"

ಮಾಪುಲೆಂಗ್ ಮುಟ್ಟಿದಳು. ನಾಯಿ ಒರಗಿದ್ದ ಮಗ್ಗುಲು ನಿಜಕ್ಕೂ ಬೆಚ್ಚಗಿತ್ತು. ಇನ್ನೊಂದು ಮಗ್ಗುಲಿಗೆ, ಗೋಡೆಯ ಕಡೆಗೆ, ಕೈ ಹಾಕಿದಳು. ಆ ಕಡೆ ಗೋಡೆ ಯಾವುದು, ಗಂಡ ಯಾವುದು ಎಂದು ತಿಳಿಯಲಿಲ್ಲ.

ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು. ಮುದುಕಿ ಬಾಯಿಗೆ ಕಂಬಳಿಯ ಅಂಚು ತುರುಕಿಕೊಂಡಳು. ಆಮೇಲೆ ಅಂಚನ್ನು ತೆಗೆದು ನಿಧಾನವಾಗಿ ಹೇಳಿದಳು: "ಬೆಂಕಿ ಹಚ್ಚೇ. ಇನ್ನು ಹಚ್ಬಹುದು."

ಮಾಪುಲೆಂಗ್ ಕಡ್ಡಿ ಗೀರಿದಳು. ಅದು ಬೆರಳ ತುದಿಯವರೆಗೆ ಉರಿದು ಆರಿತು. ಇನ್ನೊಂದು ಗೀರಿದಳು, ತಾನೇ ಊದಿ ಆರಿಸಿದಳು. "ನನ್ನ ಕೈಲಾಗಲ್ಲ ಅವ್ವಾ. ಶುಕ್ರವಾರ ಹಚ್ಚಿದ್ದು ನಾನೇ."

ಮುದುಕಿ ತೆವಳುತ್ತ ಬಂದು ಬೆಂಕಿಪೆಟ್ಟಿಗೆ ಕಸಿದುಕೊಂಡಳು. ಹೆತ್ತ ಮಗನ ಹೆಣದ ಕಾಲ ಬುಡದಲ್ಲಿ ಕೂತು, ಬೆರಣಿ ಜೋಡಿಸಿ, ಮೊಮ್ಮಗಳಿಗಾಗಿ ತಾನೇ ಬೆಂಕಿ ಹಚ್ಚಿದಳು. ಹೊಗೆ ಎದ್ದಿತು. ಮಂಚದಿಂದ ಕೆಮ್ಮು ಕೇಳಿಸಲಿಲ್ಲ. ಆಗಲೇ ಪುಲೆಂಗ್‌ಗೆ ತಿಳಿದದ್ದು.

ಮಧ್ಯಾಹ್ನ ಪಕ್ಕದ ಮನೆಯ ಸೆಕಾಕೆ ಇಬ್ಬರನ್ನು ಕರೆದುಕೊಂಡು ಸಲಿಕೆಯಿಂದ ದಾರಿ ಬಿಡಿಸುತ್ತ ಬಂದ. ಒಳಗೆ ಕಾಲಿಟ್ಟವನೇ ಟೋಪಿ ತೆಗೆದ; ಮಂಚದ ಮೇಲಿನ ನಾಯಿಯನ್ನು ಕಂಡು ಸಲಿಕೆ ಎತ್ತಿದ. "ಹೆಣದ ಮೇಲೆ ನಾಯೀನಾ! ಏನ್ ಅನಾಚಾರ ಇದು!"

"ಮುಟ್ಟು ನೋಡೋಣ ಸೆಕಾಕೆ," ಎಂದಳು ಮುದುಕಿ. "ಅವನೇ ಕರ್ದು ಕೂರಿಸ್ಕೊಂಡಿದ್ದು. ಎಬ್ಬಿಸೋದಿದ್ರೆ ಅವನ್ನ ಕೇಳು."

ಸೆಕಾಕೆ ಸಲಿಕೆ ಇಳಿಸಿದ. ಲೆಫೀಫಿ ಸಂಜೆಗೆ ತಾನಾಗಿಯೇ ಇಳಿದು ಹೊರಗೆ ಹೋದಳು.

ನೆಲ ಹೆಪ್ಪುಗಟ್ಟಿತ್ತು. ಗುಂಡಿ ತೋಡಲು ಆರು ಗಂಡಸರಿಗೆ ಹಾರೆ ಹಿಡಿದು ಎರಡು ದಿನ ಬೇಕಾಯಿತು. ಮಣ್ಣು ಮುಗಿಸಿ ಬಂದ ಮೇಲೆ ಹೆಂಗಸರು ಮಾಪುಲೆಂಗ್‌ಳ ತಲೆ ಬೋಳಿಸಿ, ಕಪ್ಪು ಬಟ್ಟೆ ಹೊದಿಸಿ, ನೆಲದ ಹಾಸಿಗೆಯ ಮೇಲೆ ಕೂರಿಸಿದರು. ವಿಧವೆ ಆ ಹಾಸಿಗೆ ಬಿಟ್ಟು ಏಳುವಂತಿಲ್ಲ. ನಡುವೆ ದೊಡ್ಡ ಬೆಂಕಿ ಉರಿಯುತ್ತಿತ್ತು, ಮನೆ ತುಂಬ ಜನ, ಎಲ್ಲರ ಕೈಯಲ್ಲೂ ಚಹಾ. ಪುಲೆಂಗ್ ಮಾತ್ರ ಒಳಗೆ ಬರಲೊಲ್ಲಳು. ಹೊರಗೆ ಕಲ್ಲುಗೋಡೆಯ ಮೇಲೆ, ಕರಗುವ ಹಿಮದಲ್ಲಿ ಕಾಲು ಬಿಟ್ಟುಕೊಂಡು ಕೂತಿದ್ದಳು.

"ನನ್ನ ಕಾಲಿಗೋಸ್ಕರ ತಾನೇ ಬೆಂಕಿ ಹಚ್ಚಿದ್ದು," ಎಂದಳಂತೆ ಕರೆಯಲು ಹೋದವರಿಗೆ. "ನಂಗೆ ಬೆಂಕಿ ಬೇಡ."

ಮಾಪುಲೆಂಗ್ ಹಾಸಿಗೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ಸುತ್ತ ಕೂತ ಹೆಂಗಸರು ನೆಲ ನೋಡುತ್ತಿದ್ದರು. ಮುದುಕಿ ಎದ್ದಳು, ಮಂಡಿ ಕಟಕಟ ಅನ್ನಿಸುತ್ತ ಬಂದು ಸೊಸೆಯ ತೋಳು ಹಿಡಿದು ಎಬ್ಬಿಸಿದಳು.

"ಹೋಗು. ನಿನ್ನ ಜಾಗದಲ್ಲಿ ನಾನು ಕೂತಿರ್ತೀನಿ. ಸತ್ತವನು ನಂಗೂ ಸೇರಿದವನೇ."

ಯಾರೂ ತಡೆಯಲಿಲ್ಲ. ಮಾಪುಲೆಂಗ್ ಬರಿಗಾಲಲ್ಲೇ ಅಂಗಳಕ್ಕೆ ಹೋಗಿ ಮಗಳ ಪಕ್ಕ ಕೂತಳು. ಬೋಳುತಲೆಗೆ ಗಾಳಿ ಚುಚ್ಚುತ್ತಿತ್ತು.

"ಹಚ್ದೆ ಇದ್ದಿದ್ರೆ ಅಪ್ಪ ಬದುಕ್ತಿದ್ರಾ?" ಎಂದು ಪುಲೆಂಗ್ ಕೇಳಿದಳು.

ಇಲ್ಲ ಎನ್ನಲು ಮಾಪುಲೆಂಗ್ ಬಾಯಿ ತೆರೆದಳು. ಆದರೆ ಸುಳ್ಳು ಹೇಳಲಾಗಲಿಲ್ಲ.

"ಗೊತ್ತಿಲ್ಲ ಮಗಾ," ಎಂದಳು. "ಹಚ್ಚು ಅಂದಿದ್ದು ಅವರೇ. ಅದಷ್ಟೇ ನಂಗ್ ಗೊತ್ತಿರೋದು."

ಅವಳು ಮಗಳ ಒದ್ದೆ ಕಾಲುಗಳನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ತಿಕ್ಕತೊಡಗಿದಳು. ಹುಡುಗಿ ಒಂದು ಸಲ ಎಳೆದುಕೊಳ್ಳಲು ನೋಡಿದಳು, ಆಮೇಲೆ ಬಿಟ್ಟುಬಿಟ್ಟಳು.