ಬೇರೆ ಪೆಟ್ಟಿಗೆ

"ವಿಡಿಯೋಗೆ ಬೇರೆ ಪೆಟ್ಟಿಗೇನೇ ಬೇಕು," ಎಂದ ಮುಕರ್ರಮ್, ಟಿವಿಯ ಹಿಂದೆ ತೂರಿಸಿದ್ದ ತಲೆಯನ್ನು ಹೊರಗೆ ತೆಗೆಯದೆಯೇ. "ಆಂಪ್ಲಿಫೈಯರ್ ಕೆಲಸ ಸದ್ದು ಹೆಚ್ಚಿಸೋದು. ಇಂಟರ್‌ನೆಟ್ಟಿಗೆ ಹೋಗಿ ವಿಡಿಯೋ ಹೊತ್ತು ತರೋದಲ್ಲ."

ಟಿವಿಯಲ್ಲಿ ಮದುವೆಯ ನೇರಪ್ರಸಾರ ನೋಡಲೆಂದು ಬೆಳಗ್ಗೆಯೇ ಸನ್ನಿವೇಲ್‌ನಿಂದ ಕ್ಯಾಂಪ್‌ಬೆಲ್‌ಗೆ ಬಂದಿದ್ದ ಗೆಳೆಯ ಯೂನುಸ್ ಸೋಫಾದಲ್ಲಿ ಚಹಾ ಹೀರುತ್ತಿದ್ದ. "ನನ್ನ ಆಂಪ್ಲಿಫೈಯರಲ್ಲಿ ಎಲ್ಲಾ ಒಳಗೇ ಇದೆಯಪ್ಪ. ಒಂದೇ ರಿಮೋಟು. ಒತ್ತಿದ್ರೆ ಬರುತ್ತೆ."

"ಮೂರು ವರ್ಷ ಬರುತ್ತೆ. ಆಮೇಲೆ ಕಂಪನಿಯವನು ಅಪ್‌ಡೇಟ್ ನಿಲ್ಲಿಸ್ತಾನೆ. ಆಂಪ್ಲಿಫೈಯರ್ ಗಟ್ಟಿಮುಟ್ಟಾಗೇ ಇರುತ್ತೆ, ಸತ್ತ ಆ್ಯಪನ್ನ ಹೊಟ್ಟೇಲಿಟ್ಕೊಂಡು."

ತನ್ನ ಮಾತಿಗೆ ತಾನೇ ಮೆಚ್ಚಿ ಮುಕರ್ರಮ್ ವೈರುಗಳ ಕತ್ತಲಲ್ಲಿ ನಕ್ಕ. ಇದನ್ನೇ ಆನ್‌ಲೈನ್ ಚರ್ಚೆಯೊಂದರಲ್ಲಿ ಬರೆದು ಊರುಕೇರಿ ಗೊತ್ತಿಲ್ಲದವರಿಂದ ಶಹಬ್ಬಾಸ್ ಗಿಟ್ಟಿಸಿದ್ದ.

ಮೈಸೂರಿನಲ್ಲಿ ಆಗ ರಾತ್ರಿ. ಅವನ ಹೆಂಡತಿ ಮೆಹ್ರೀನ್‌ಳ ಒಬ್ಬಳೇ ತಂಗಿಯ ನಿಕಾಹ್. ಹೋಗೋಣ ಎಂದು ಅವಳು ಕೇಳಿದ್ದಳು. ರಜೆ ಸಿಗುವುದಿಲ್ಲ ಎಂದಿದ್ದ. ಆಫೀಸಿನಲ್ಲಿ ಕೇಳಿಯೇ ಇರಲಿಲ್ಲ. ಬದಲಿಗೆ ಗೋಡೆಗೆಲ್ಲ ಸ್ಪೀಕರ್ ಕೂರಿಸಿ, "ಅಲ್ಲಿರೋರಿಗೂ ಇಷ್ಟು ಚೆನ್ನಾಗಿ ಕೇಳಿಸಲ್ಲ, ನೋಡ್ತಿರು" ಎಂದಿದ್ದ.

ಮೆಹ್ರೀನ್ ಜರಿ ದುಪಟ್ಟಾ ಹೊದ್ದು ಕುರ್ಚಿಯ ಅಂಚಿನಲ್ಲಿ ಕುಳಿತಿದ್ದಳು.

"ಶುರುವಾಯ್ತಂತೆ," ಎಂದಳು.

"ಎರಡು ನಿಮಿಷ. ಪೆಟ್ಟಿಗೆ ಪಾಸ್‌ವರ್ಡ್ ಕೇಳ್ತಿದೆ."

"ಫೋನಲ್ಲೇ ನೋಡೋಣ್ವಾ?"

"ಫೋನಲ್ಲಾ? ಆ ತಗಡು ಸದ್ದಲ್ಲಾ?"

ಅವಳು ಎದ್ದು ಒಳಗೆ ಹೋದಳು. ಪೆಟ್ಟಿಗೆ ಪಾಸ್‌ವರ್ಡ್ ನುಂಗಿ ಈಗ ಕೋಡ್ ಕೇಳಿತು. ಟೈಪಿಸುವಷ್ಟರಲ್ಲಿ ಕೋಡಿನ ಅವಧಿ ಮುಗಿಯಿತು.

"ಒಳಗೇ ಇದ್ದಿದ್ರೆ..." ಎಂದ ಯೂನುಸ್.

"ಒಳಗಿದ್ರೂ ಕೋಡ್ ಕೇಳುತ್ತೆ!"

"ಟಿವೀಲೇ ಆ್ಯಪ್ ಇರುತ್ತಲ್ಲೋ?"

"ಇದು ತತ್ತ್ವದ ಪ್ರಶ್ನೆ, ಯೂನುಸ್."

ಯೂನುಸ್ ಬಿಸ್ಕೆಟ್ಟಿಗೆ ಕೈ ಹಾಕಿದ. ಅವನಿಗೂ ತತ್ತ್ವವಿತ್ತು. ಇಬ್ಬರೂ ದನಿ ಏರಿಸಿದರು.

ಮಗಳು ಯುಸ್ರಾ ಬಂದು ಬಾಗಿಲಲ್ಲಿ ನಿಂತಳು. "ಇಟ್ಸ್ ಓವರ್, ಡ್ಯಾಡ್. ಖಾಲಾ ಸೆಡ್ ಕುಬೂಲ್. ಮಮ್ಮಿ ಈಸ್ ಕ್ರೈಯಿಂಗ್."

"ಎಲ್ಲಿ?"

"ಲಾಂಡ್ರಿ ರೂಮಲ್ಲಿ. ವಿ ವಾಚ್ಡ್ ಇಟ್ ದೇರ್. ಇಲ್ಲಿ ನಿಮ್ಮಿಬ್ರ ಗಲಾಟೇಲಿ ಏನೂ ಕೇಳ್ತಿರ್ಲಿಲ್ಲ."

ಹೋಗಬೇಕು ಎಂದುಕೊಂಡ ಮುಕರ್ರಮ್. ಕಾಲು ಎತ್ತಿಯೂ ಆಗಿತ್ತು. ಅಷ್ಟರಲ್ಲಿ ಪರದೆ ಬೆಳಗಿತು.

"ಬಂತು!"

"ಅವಳನ್ನ ಕರಿಯೋ," ಎಂದ ಯೂನುಸ್, ತಗ್ಗಿದ ದನಿಯಲ್ಲಿ.

ಮುಕರ್ರಮ್ ವಾಲ್ಯೂಮ್ ಏರಿಸಿದ.

ಖಾಲಿ ಛತ್ರ. ಯಾರೋ ಕುರ್ಚಿಗಳನ್ನು ಎಳೆದು ಒಂದರ ಮೇಲೊಂದು ಪೇರಿಸುತ್ತಿದ್ದರು. ಆ ಸದ್ದು ಎಡಗೋಡೆಯಿಂದ ಹೊರಟು, ಬೆನ್ನ ಹಿಂದೆ ಹಾದು, ಬಲಗೋಡೆಗೆ ಹರಿಯಿತು. ಒಂದಿಷ್ಟೂ ಗೊರಗೊರವಿಲ್ಲ. ಅವನು ಸೋಫಾದ ಸರಿ ಮಧ್ಯಕ್ಕೆ ಬಂದು ಕುಳಿತ.

"ಇನ್ನೂ ಆನಲ್ಲೇ ಇದೆಯಲ್ಲೋ," ಎಂದಿತು ಛತ್ರದ ಧ್ವನಿಯೊಂದು, ಕಿವಿಯ ಪಕ್ಕವೇ ನಿಂತಂತೆ. "ಯಾರಾದ್ರೂ ನೋಡ್ತಿದ್ದಾರಾ?"

"ಯಾರೋ ಒಬ್ರು."

ಒಬ್ಬ ಬಂದು ಕ್ಯಾಮೆರಾದೊಳಕ್ಕೆ ಇಣುಕಿದ. ಗೋಡೆಯಗಲದ ಮುಖ ಮುಕರ್ರಮ್‌ನನ್ನೇ ದಿಟ್ಟಿಸಿತು, ಏನೂ ಕಾಣದೆ. ಆಮೇಲೆ ಒಂದು ಹೆಬ್ಬೆರಳು ಹತ್ತಿರ, ಇನ್ನೂ ಹತ್ತಿರ ಬರತೊಡಗಿತು.